ಗೇಡನ್ ಮ್ಯೂಸಿಯಂನ ಹೆರಿಟೇಜ್ ಸರ್ಟಿಫಿಕೇಟ್: ಕಾರು ಹುಟ್ಟಿದ್ದು ಗೊತ್ತಾಗುತ್ತೆ, ಯಾರ್ಯಾರ ಮನೇಲಿ ಬೆಳೀತು ಅನ್ನೋದು ಗೊತ್ತಾಗಲ್ಲ

ಮೊದ್ಲೇ ಹೇಳ್ಬಿಡ್ತೀನಿ, ಕಾರು ನಂದಲ್ಲ, ಭಾವಂದು. ಇಂಗ್ಲೆಂಡ್‌ನ ಕವೆಂಟ್ರಿ ಹತ್ರ ಇರ್ತಾರೆ, ಹೋದ ವರ್ಷ ಒಂದು ಎಂಜಿಎ ಟ್ವಿನ್ ಕ್ಯಾಮ್ ತಗೊಂಡ್ರು. ಎಂಜಿಎ ಅಂದ್ರೆ ಎಂಜಿ ಕಂಪ್ನಿಯ ಹಳೇ ಸ್ಪೋರ್ಟ್ಸ್ ಕಾರು, 1955ರಿಂದ 1962ರವರೆಗೆ ಆಬಿಂಗ್‌ಡನ್‌ನಲ್ಲಿ ಒಂದು ಲಕ್ಷದ ಮೇಲೆ ಮಾಡಿದಾರೆ, ಆದ್ರೆ ಅದ್ರಲ್ಲಿ ಟ್ವಿನ್ ಕ್ಯಾಮ್ (ಇಂಜಿನ್‌ನಲ್ಲಿ ಎರಡು ಓವರ್‌ಹೆಡ್ ಕ್ಯಾಮ್‌ಶಾಫ್ಟ್ ಇರೋ ಮಾಡೆಲ್ಲು) ಬರೀ 2111. ನಾಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, 1588 ಸಿಸಿ ಇಂಜಿನ್ನು, ಎಲ್ಲಾ ಸರಿ, ಆದ್ರೆ ಪಿಸ್ಟನ್ ಸುಟ್ಕೊಳ್ಳೋದ್ರಲ್ಲಿ ಎಷ್ಟು ಹೆಸ್ರು ಮಾಡಿತ್ತು ಅಂದ್ರೆ ಎಷ್ಟೋ ಓನರ್‌ಗಳು ಸಾಕಪ್ಪ ಅಂತ ಅದನ್ನ ಕಿತ್ತು ಮಾಮೂಲಿ ಎಂಜಿಎ ಇಂಜಿನ್ ಕೂರಿಸ್ಕೊಂಡ್ರು. ಅದಕ್ಕೇ ಈ ಕಾರಲ್ಲಿ ಹುಟ್ಟಿದಾಗಿನ ಇಂಜಿನ್ ಇದ್ಯಾ ಇಲ್ವಾ ಅನ್ನೋದ್ರ ಮೇಲೆ ರೇಟು ನಿಂತಿರೋದು.

ಮಾರಿದ ಡೀಲರು ದಪ್ಪ ಫೈಲ್ ಕೊಟ್ಟು "ಫುಲ್ ಹಿಸ್ಟರಿ, ಮ್ಯಾಚಿಂಗ್ ನಂಬರ್ಸ್" ಅಂದಿದ್ದ, ಅಂದ್ರೆ ಕಾರಿನ ಛಾಸಿ, ಇಂಜಿನ್ ನಂಬರ್ ಎಲ್ಲಾ ಹುಟ್ಟಿದಾಗಿನವೇ ಅಂತ. ಊರಲ್ಲಿ ಒಂದು ಸೈಟ್ ತಗೋಬೇಕಾದ್ರೆ ಮೂವತ್ತು ವರ್ಷದ ಇಸಿ ತೆಗೆಸಿ, ಮೂಲಪತ್ರ ತೋರ್ಸಿ ಅಂತ ತಲೆ ತಿನ್ನೋ ಮನುಷ್ಯ ಇಲ್ಲಿ ಫೈಲ್ ದಪ್ಪ ನೋಡೇ ದುಡ್ಡು ಕೊಟ್ಬಂದ್ರು!

ಆಮೇಲೆ ನಾನೇ ಒತ್ತಾಯ ಮಾಡಿ ಗೇಡನ್‌ನಲ್ಲಿರೋ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಅರ್ಜಿ ಹಾಕಿಸ್ದೆ. ಎಂಜಿ, ಆಸ್ಟಿನ್-ಹೀಲಿ, ಟ್ರಯಂಫ್ ಥರದ ಕಂಪ್ನಿಗಳ ಹಳೇ ಫ್ಯಾಕ್ಟರಿ ದಾಖಲೆ ಇರೋದು ಅವರ ಹತ್ರ, ಅದನ್ನ ನೋಡಿ ಸರ್ಟಿಫಿಕೇಟ್ ಮಾಡ್ಕೊಡ್ತಾರೆ. ಛಾಸಿ ನಂಬರ್, ಇಂಜಿನ್ ನಂಬರ್, ಯಾವತ್ತು ತಯಾರಾಯ್ತು, ಯಾವತ್ತು ಫ್ಯಾಕ್ಟರಿ ಬಿಡ್ತು, ಬಣ್ಣ, ಸೀಟಿನ ಬಣ್ಣ, ಎಲ್ಲಿಗೆ ಹೋಯ್ತು, ಎಲ್ಲಾ ಒಂದೇ ಹಾಳೇಲಿ.

ಬಂದ ದಿನ ಭಾವ ಬಾನೆಟ್ ಎತ್ತಿ, ವೈರ್ ಬ್ರಷ್‌ನಲ್ಲಿ ಗ್ರೀಸ್ ಉಜ್ಜಿ, ನಾನು ಮೊಬೈಲ್ ಟಾರ್ಚ್ ಹಿಡ್ದು ಒಂದೊಂದೇ ಅಂಕಿ ಓದಿದ್ವಿ. ಛಾಸಿ ಸರಿ ಇತ್ತು. ಇಂಜಿನ್ ಟ್ವಿನ್ ಕ್ಯಾಮೇ, ಆದ್ರೆ ನಂಬರ್ರೇ ಬೇರೆ, ಅಂದ್ರೆ ಇನ್ಯಾವ್ದೋ ಕಾರಿಂದು. ಈಗ ಕೆಂಪಗಿರೋ ಕಾರು ಹುಟ್ಟಿದ್ದು ಓಲ್ಡ್ ಇಂಗ್ಲಿಷ್ ವೈಟ್‌ನಲ್ಲಿ, ಹೋಗಿದ್ದು ಅಮೆರಿಕಕ್ಕೆ. "ನೋಡಪ್ಪ, ಬಲಗಡೆ ಸ್ಟಿಯರಿಂಗೂ ಆಮೇಲೆ ಮಾಡ್ಸಿದ್ದೇ" ಅಂತ ಭಾವ ಅಲ್ಲೇ ಗ್ಯಾರೇಜ್ ಮೆಟ್ಲ ಮೇಲೆ ಕೂತ್ಬಿಟ್ರು. ಅಕ್ಕ ಟೀ ತಂದಿಟ್ಟು ಏನೂ ಕೇಳ್ದೆ ಒಳಗೆ ಹೋದ್ಲು.

ಸರ್ವಿಸ್ ಬಗ್ಗೆ ನನ್ನ ಕಂಪ್ಲೇಂಟ್ ಏನಿಲ್ಲ, ಕೊಟ್ಟ ಮಾಹಿತಿ ಅಷ್ಟು ಖಡಕ್ಕಾಗಿದೆ. ಆದ್ರೆ ಇದನ್ನ ಓನರ್‌ಗಳ ಪಟ್ಟಿ ಅನ್ಕೊಂಡು ತರಿಸ್ಬೇಡಿ. ಫ್ಯಾಕ್ಟರಿ ಗೇಟ್ ದಾಟಿದ್ಮೇಲೆ ಕಾರು ಯಾರ ಕೈಗೆ ಹೋಯ್ತು, ಯಾರು ಗುದ್ದಿಸ್ಕೊಂಡ್ರು ಅನ್ನೋದು ಅದ್ರಲ್ಲಿರಲ್ಲ. ಇಂಗ್ಲೆಂಡ್‌ನಲ್ಲೇ ಉಳ್ಕೊಂಡ ಕಾರಾದ್ರೆ ಹಳೇ ಕಂದು ಬಣ್ಣದ ಲಾಗ್‌ಬುಕ್ ಸಿಕ್ರೆ ಬಂಗಾರ, ಅದ್ರಲ್ಲಿ ಒಬ್ಬೊಬ್ಬ ಓನರ್ ಹೆಸ್ರು, ಅಡ್ರೆಸ್, ಸೀಲ್ ಸಮೇತ ಇರುತ್ತೆ, ಆದ್ರೆ ರಿಜಿಸ್ಟ್ರೇಷನ್ ಎಲ್ಲಾ ಸ್ವಾನ್ಸಿಯಲ್ಲಿರೋ ಸರ್ಕಾರಿ ವಾಹನ ನೋಂದಣಿ ಆಫೀಸಿನ ಕಂಪ್ಯೂಟರ್‌ಗೆ ಹೋದಾಗ ಎಷ್ಟೋ ಲಾಗ್‌ಬುಕ್ ಕಳ್ದೇ ಹೋದ್ವು. ಆನ್‌ಲೈನ್‌ನಲ್ಲಿ ಫ್ರೀಯಾಗಿ ಸಿಗೋ ಎಂಒಟಿ (ಅಲ್ಲಿನ ವಾರ್ಷಿಕ ವಾಹನ ತಪಾಸಣೆ) ಹಿಸ್ಟರಿನೂ 2005ರಿಂದ ಈಚೆಗಷ್ಟೇ. ಭಾವನ ಕಾರಿಗೆ ಉಳಿದಿದ್ದು ಕ್ಯಾಲಿಫೋರ್ನಿಯಾದ ಒಂದು ಪಿಂಕ್ ಸ್ಲಿಪ್ (ಅಲ್ಲಿನ ಕಾರು ಮಾಲೀಕತ್ವದ ಪತ್ರ), ವಾಪಸ್ ಬಂದಾಗಿನ ಕಸ್ಟಮ್ಸ್ ಪೇಪರು, ನಾಕೈದು ಗ್ಯಾರೇಜ್ ಬಿಲ್ಲು. ಆ ದಪ್ಪ ಫೈಲ್‌ನಲ್ಲಿ ಮುಕ್ಕಾಲು ಭಾಗ ಬಿಡಿಭಾಗದ ಕ್ಯಾಟಲಾಗ್ ಜೆರಾಕ್ಸು.

ಐದಕ್ಕೆ ನಾಕೂವರೆ ಕೊಡ್ತೀನಿ. ಕೊಳ್ಳೋ ಮುಂಚೆನೇ ಮಾರೋರ ಕೈಲಿ ತರಿಸಿ, ನಂಬರ್ ತಾಳೆ ನೋಡಿ, ಆಮೇಲೆ ಅಡ್ವಾನ್ಸ್ ಮಾತಾಡಿ. ಭಾವ ಅಂತೂ ಸರ್ಟಿಫಿಕೇಟ್‌ನಲ್ಲಿದ್ದ ಆ ಮೂಲ ಇಂಜಿನ್ ನಂಬರ್‌ನ ಚೀಟೀಲಿ ಬರ್ಕೊಂಡು ಪರ್ಸಲ್ಲಿ ಇಟ್ಕೊಂಡಿದಾರೆ, ಸೆಪ್ಟೆಂಬರ್‌ನಲ್ಲಿ ಹಳೇ ಕಾರು ಬಿಡಿಭಾಗಗಳ ಸಂತೆ ಬ್ಯೂಲಿ ಆಟೋಜಂಬಲ್‌ಗೆ ಹೋಗಿ ಕಂಡ ಕಂಡ ಹಳೇ ಇಂಜಿನ್ ಮುಂದೆಲ್ಲಾ ಕುಕ್ಕರುಗಾಲಲ್ಲಿ ಕೂತು ನೋಡ್ಕೊಂಡು ಬಂದ್ರು.