ಟೀಮ್ ಜೊತೆ ಊರೂರು ತಿರುಗುವವರಿಗೆ ಎನ್‌ಪಿಟೆಲ್: ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಲೆಕ್ಕದಲ್ಲಿ ಒಂದು ವಿಮರ್ಶೆ

ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಿಂದ ರೇಸ್ ಕಾರು, ಕಚ್ಚಾ ದಾರಿಯಲ್ಲಿ ಓಡುವ ಬಗ್ಗಿ, ಹ್ಯಾಕಥಾನ್ ಎಂದು ಟೀಮ್ ಕಟ್ಟುವವರಿಗೆ ದೊಡ್ಡ ಸ್ಪರ್ಧೆ ಯಾವುದೂ ಮನೆಬಾಗಿಲಲ್ಲಿ ನಡೆಯುವುದಿಲ್ಲ. ವಿದ್ಯಾರ್ಥಿಗಳು ಕಟ್ಟಿದ ರೇಸ್ ಕಾರುಗಳ ಸ್ಪರ್ಧೆ ಫಾರ್ಮುಲಾ ಭಾರತ್ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ. ಬಗ್ಗಿಗಳ ಸ್ಪರ್ಧೆ ಬಾಹಾ ಎಂದರೆ ಬಹುಕಾಲದಿಂದ ಇಂದೋರ್ ಹತ್ತಿರದ ಪೀಥಂಪುರ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ಸಾಫ್ಟ್‌ವೇರ್ ವಿಭಾಗದ 36 ಗಂಟೆಯ ಅಂತಿಮ ಸುತ್ತು ಯಾವ ಊರಿನ ಕೇಂದ್ರದಲ್ಲಿ ಬಿದ್ದೀತೋ ಹೇಳಲಾಗದು. ಇತ್ತ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ನಿಯಮದಲ್ಲಿ ಪ್ರತಿ ವಿಷಯಕ್ಕೂ ಶೇ. 85 ಹಾಜರಿ ಬೇಕು. 40 ತರಗತಿಯ ವಿಷಯದಲ್ಲಿ ತಪ್ಪಿಸಬಹುದಾದದ್ದು ಆರೇ ಆರು. ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ. 10ರವರೆಗೆ ವಿನಾಯಿತಿ ಸಿಗಲು ದಾರಿಯಿದೆ, ಆದರೆ ಅದನ್ನು ನಂಬಿಕೊಂಡು ಗಾಡಿ ಹತ್ತುವುದು ಬೇಡ.

ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟೆಲ್ ಎಂಬ ಆನ್‌ಲೈನ್ ಕೋರ್ಸ್‌ಗಳು ಇಂಥವರಿಗೆ ನಿಜಕ್ಕೂ ಆಸರೆ. ವಿಟಿಯುವಿನ 2022ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ಕೊನೆಯ ವರ್ಷದ ಐಚ್ಛಿಕ ವಿಷಯಗಳಾದ ಪ್ರೊಫೆಷನಲ್ ಇಲೆಕ್ಟಿವ್ ಮತ್ತು ಓಪನ್ ಇಲೆಕ್ಟಿವ್‌ಗೆ ಆನ್‌ಲೈನ್ ಕೋರ್ಸನ್ನೇ ಇಟ್ಟಿದ್ದಾರೆ. ಸ್ವಾಯತ್ತ ಕಾಲೇಜುಗಳ ನಿಯಮ ಬೇರೆ ಇರಬಹುದು. ಆದ್ದರಿಂದ ಸೇರುವ ಮುಂಚೆ ಕೋರ್ಸ್ ಕೋಡ್ ಹಿಡಿದು ವಿಭಾಗದ ಮುಖ್ಯಸ್ಥರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. 4 ವಾರದ ಕೋರ್ಸ್ 1 ಕ್ರೆಡಿಟ್, 8 ವಾರದ್ದು 2, 12 ವಾರದ್ದು 3. ಮೂರು ಕ್ರೆಡಿಟ್‌ನ ವಿಷಯಕ್ಕೆ 8 ವಾರದ ಕೋರ್ಸ್ ಮುಗಿಸಿ ಬಂದು ಕೊನೆಗೆ ಒದ್ದಾಡುವುದು ನಡೆಯುತ್ತಲೇ ಇರುತ್ತದೆ.

ನಮ್ಮ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ಗುಣ ಅದರ ಅಂಕಗಳ ಲೆಕ್ಕದಲ್ಲಿದೆ. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. 12 ವಾರದ ಕೋರ್ಸ್‌ನಲ್ಲಿ ಚೆನ್ನಾಗಿ ಬಂದ 8 ಅಸೈನ್‌ಮೆಂಟ್‌ಗಳನ್ನಷ್ಟೇ ತೆಗೆದುಕೊಳ್ಳುತ್ತಾರೆ, 8 ವಾರದ್ದರಲ್ಲಿ 6, 4 ವಾರದ್ದರಲ್ಲಿ 3. ಅಂದರೆ 12 ವಾರದಲ್ಲಿ ನಾಲ್ಕು ವಾರ ಕೈಬಿಟ್ಟರೂ ಅಸೈನ್‌ಮೆಂಟ್ ಅಂಕ ಕಡಿಮೆಯಾಗುವುದಿಲ್ಲ. ಟೆಕ್ನಿಕಲ್ ಇನ್‌ಸ್ಪೆಕ್ಷನ್ (ವಾಹನದ ತಪಾಸಣೆ), ಪ್ರಯಾಣ, ಸ್ಪರ್ಧೆ, ಬಂದ ಮೇಲಿನ ಸುಸ್ತು ಎಲ್ಲ ಸೇರಿದರೂ ಈ ನಾಲ್ಕು ವಾರದೊಳಗೇ ಮುಗಿಯುತ್ತದೆ. ಕಾಲೇಜಿನ ಯಾವ ವಿಷಯವೂ ಇಷ್ಟು ಸಡಿಲ ಬಿಡುವುದಿಲ್ಲ.

ಇಲ್ಲೇ ಒಂದು ಗುಂಡಿಯೂ ಇದೆ. ಪಾಸಾಗಲು ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30, ಎರಡೂ ಬೇರೆಬೇರೆಯಾಗಿ ಬರಬೇಕು. ಅಸೈನ್‌ಮೆಂಟ್‌ನಲ್ಲಿ ಪೂರಾ 25 ಇದ್ದು ಪರೀಕ್ಷೆಯಲ್ಲಿ 28 ಬಂದರೆ ಒಟ್ಟು 53 ಆದರೂ ಸರ್ಟಿಫಿಕೇಟ್ ಇಲ್ಲ. ಬಿಟ್ಟ ವಾರಗಳ ಪಾಠದಿಂದಲೂ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆ. ಗೆಳೆಯರ ಉತ್ತರ ನೋಡಿ ಅಸೈನ್‌ಮೆಂಟ್ ತುಂಬಿದವರು ಸಿಕ್ಕಿಬೀಳುವುದೂ ಇಲ್ಲಿಯೇ. ಅಸೈನ್‌ಮೆಂಟ್‌ನಲ್ಲಿ ಸರಾಸರಿ ಶೇ. 80 ಬಂದರೆ 20 ಅಂಕ, ಪರೀಕ್ಷೆಯಲ್ಲಿ 100ಕ್ಕೆ 60 ಬಂದರೆ 75ರ ಲೆಕ್ಕದಲ್ಲಿ 45. ಒಟ್ಟು 65, ಎಲೀಟ್ ದರ್ಜೆ. ಟೀಮಿನಲ್ಲಿ ದುಡಿಯುವವರು ಈ ಗುರಿ ಇಟ್ಟುಕೊಂಡರೆ ಸಾಕು. 90 ದಾಟಿ ಚಿನ್ನದ ದರ್ಜೆ ಬೇಕೆಂದರೆ ಆ ಸಲ ಟೀಮಿನ ಕೆಲಸ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ.

ಯಾವ ಅವಧಿಯಲ್ಲಿ ಸೇರಬೇಕು ಎಂಬುದು ಕೋರ್ಸ್ ಆಯ್ಕೆಗಿಂತ ಮುಖ್ಯ. ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತದೆ. ಫಾರ್ಮುಲಾ ಭಾರತ್ ನಡೆಯುವುದು ಜನವರಿಯಲ್ಲಿ, ಹಾಗಾಗಿ ಆ ಟೀಮಿನವರಿಗೆ ಜುಲೈ ಅವಧಿಯೇ ಸರಿ. ಕಾರಿನ ವೆಲ್ಡಿಂಗ್ ಕೆಲಸ ಜೋರಾಗುವ ಹೊತ್ತಿಗೆ ಪಾಠ ಮುಗಿದಿರುತ್ತದೆ. ಜನವರಿಯಲ್ಲಿ ಸೇರಿದರೆ ಮೊದಲ ವಾರಗಳೇ ಹೋಗುತ್ತವೆ, ಬುನಾದಿ ಪಾಠ ತಪ್ಪಿದ ಮೇಲೆ ಮುಂದಿನದು ತಲೆಗೆ ಹತ್ತುವುದಿಲ್ಲ.

ವಾರಕ್ಕೆ ಸುಮಾರು ಎರಡೂವರೆ ಗಂಟೆಯ ವಿಡಿಯೊ ಇರುತ್ತದೆ, ಅಸೈನ್‌ಮೆಂಟ್‌ಗೆ ಒಂದು ಗಂಟೆ ಸೇರಿಸಿಕೊಳ್ಳಿ. ಸಲ್ಲಿಸುವ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11:59. ತಡವಾದರೆ ತೆಗೆದುಕೊಳ್ಳುವುದಿಲ್ಲ. ಗಡುವಿನೊಳಗೆ ಎಷ್ಟು ಸಲ ಬೇಕಾದರೂ ಸಲ್ಲಿಸಬಹುದು, ಕೊನೆಯದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆದ್ದರಿಂದ ಸೋಮವಾರವೇ ತಿಳಿದಷ್ಟು ತುಂಬಿ ಒಮ್ಮೆ ಕಳಿಸಿಬಿಡಿ, ಸಮಯ ಸಿಕ್ಕರೆ ಬುಧವಾರ ತಿದ್ದಿ. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್‌ವರೆಗೆ ರೈಲು ಸುರಂಗದಿಂದ ಸುರಂಗಕ್ಕೆ ಹೋಗುತ್ತದೆ. ಅಲ್ಲಿ ಕೂತು ಸಲ್ಲಿಸುತ್ತೇನೆ ಎಂದುಕೊಂಡರೆ ಸಿಗ್ನಲ್ ಕೈಕೊಡುತ್ತದೆ. ಕೊಯಮತ್ತೂರಿಗೆ ಬಂಡೀಪುರದ ಮೇಲೆ ಹೋಗುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರ ಇಲ್ಲವೆಂಬುದನ್ನೂ ನೆನಪಿಡಿ. ಗೇಟಿನಲ್ಲಿ ಕಾಯುವ ರಾತ್ರಿ ಬುಧವಾರವೇ ಆಗಿಬಿಡಬಹುದು.

ಹೊರಡುವ ಮುನ್ನ ವಿಡಿಯೊಗಳನ್ನು ಹಾಸ್ಟೆಲ್ ವೈಫೈನಲ್ಲಿ ಇಳಿಸಿಕೊಳ್ಳಿ. ಜೊತೆಗೆ ಉಪನ್ಯಾಸದ ಲಿಖಿತ ರೂಪದ ಪಿಡಿಎಫ್ ಖಂಡಿತ ಇರಲಿ. ಬಸ್ಸಿನ ಕುಲುಕಾಟದಲ್ಲಿ ವಿಡಿಯೊ ನೋಡುವುದಕ್ಕಿಂತ ಓದಿ ಗುರುತು ಹಾಕಿಕೊಳ್ಳುವುದು ಬೇಗ ಆಗುತ್ತದೆ. ಕೆಲವು ಕೋರ್ಸ್‌ಗಳ ಲಿಖಿತ ರೂಪ ಕನ್ನಡದಲ್ಲೂ ಸಿಗುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಮೊದಲು ಅದನ್ನು ಓದಿ ಆಮೇಲೆ ಇಂಗ್ಲಿಷ್ ವಿಡಿಯೊ ನೋಡಲಿ, ವ್ಯತ್ಯಾಸ ಮೊದಲ ವಾರದಲ್ಲೇ ತಿಳಿಯುತ್ತದೆ. ಇಂಥ ಕೋರ್ಸ್‌ಗಳು ಇನ್ನೂ ಬಹಳ ಹೆಚ್ಚಬೇಕು.

ಕೊರತೆಗಳೂ ಇವೆ. ಪ್ರಯೋಗಾಲಯವಿಲ್ಲ. ಸಸ್ಪೆನ್ಷನ್ ಜಾಮಿತಿಯ ಪಾಠ ಎಷ್ಟೇ ಚೆನ್ನಾಗಿದ್ದರೂ ಚಕ್ರವನ್ನು ಹಿಡಿಯುವ ವಿಶ್‌ಬೋನ್ ತೋಳು ಜೋಡಿಸುವ ಕೈ ವರ್ಕ್‌ಶಾಪಿನಲ್ಲೇ ಪಳಗಬೇಕು. ಪರೀಕ್ಷೆಯ ದಿನ ನಿಗದಿಯಾದದ್ದು, ಸ್ಪರ್ಧೆ ಇದೆಯೆಂದು ಬದಲಾಗುವುದಿಲ್ಲ.

ಕೋರ್ಸ್‌ಗೆ ಸೇರುವುದು ಉಚಿತ, ಪರೀಕ್ಷೆಗೆ ಮಾತ್ರ 1,000 ರೂಪಾಯಿ ಶುಲ್ಕ. ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿ: ಕೋರ್ಸ್‌ಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರುವುದಿಲ್ಲ. ಬೇರೆ ಅರ್ಜಿ ತುಂಬಬೇಕು, ಅದೂ ಕೋರ್ಸ್‌ಗೆ ಕೊಟ್ಟ ಇಮೇಲ್‌ನಿಂದಲೇ. ಅರ್ಜಿಯ ಕೊನೆಯ ದಿನ ಟೀಮ್ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಪರೀಕ್ಷೆ ಕೇಂದ್ರದಲ್ಲೇ ಕೂತು ಬರೆಯುವಂಥದ್ದು, ಊರನ್ನು ಅರ್ಜಿಯಲ್ಲೇ ಆರಿಸಬೇಕು. ಆ ಸಲದ ಪಟ್ಟಿಯಲ್ಲಿ ನಿಮ್ಮ ಊರು ಇದೆಯೇ ನೋಡಿ. ಇಲ್ಲದಿದ್ದರೆ ಮೈಸೂರು ಅಥವಾ ಬೆಂಗಳೂರು ಹಾಕಿ, ಸಾಧ್ಯವಾದರೆ ಮಧ್ಯಾಹ್ನದ ಪಾಳಿ ಕೇಳಿ, ಬೆಳಗಿನ ಬಸ್ಸಿಗೆ ಹೊರಟು ತಲುಪಬಹುದು. ಹಾಲ್ ಟಿಕೆಟ್ ಜೊತೆ ಮೂಲ ಗುರುತಿನ ಚೀಟಿ ಬೇಕು, ಫೋನಿನಲ್ಲಿರುವ ಫೋಟೊ ನಂಬಿಕೊಂಡು ಹೋಗಬೇಡಿ.