ಚಿನ್ನ ಆಸ್ಪತ್ರೆಯಲ್ಲೇ ಇರಲಿ ಅಂದುಕೊಂಡೆವು

ಅಮ್ಮನ ಮೂರು ಪವನಿನ ಕರಿಮಣಿ ಸರ, ಒಂದೊಂದು ಪವನಿನ ಎರಡು ಬಳೆ, ಬೆಂಡೋಲೆ, ಆರೂವರೆ ಸಾವಿರ ರೂಪಾಯಿ, ಒಂದು ಮೊಬೈಲು. ಇಷ್ಟೂ ಕಾಸರಗೋಡಿನ ಒಂದು ಆಸ್ಪತ್ರೆಯ ವಾರ್ಡಿನಿಂದ ಹೋಗಲು ಹಿಡಿದದ್ದು ಹೆಚ್ಚೆಂದರೆ ಹದಿನೈದು ನಿಮಿಷ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಅದೊಂದರಲ್ಲಿ ಮಾತ್ರ ಜಾಗ್ರತೆ ಮಾಡುತ್ತೀರಿ. ಆ ವಾರ್ಡಿನಲ್ಲಿ ಕೂತು ನಾನು ಕೇಳಿದ ಕತೆಗಳನ್ನು ನೋಡಿದರೆ ಸರಕಾರಿ, ಖಾಸಗಿ, ಈಚೆ ಕಾಸರಗೋಡು, ಆಚೆ ಮಂಗಳೂರು ಎಂಬ ಭೇದ ಏನೂ ಇಲ್ಲ.

ಮಳೆಗಾಲದ ಆಟಿ ತಿಂಗಳು. ಅಂಗಳ ಪೂರ್ತಿ ಪಾಚಿ. ನಡೆಯುವಲ್ಲಿಗೆ ಅಡಿಕೆ ಸೋಗೆ ಹಾಸಿದ್ದೆವು. ಬೆಕ್ಕಿಗೆ ಅನ್ನ ಹಾಕಲೆಂದು ಅಮ್ಮ ಸೋಗೆ ಬಿಟ್ಟು ಆಚೆ ಇಟ್ಟದ್ದು ಒಂದೇ ಹೆಜ್ಜೆ. ಸೊಂಟದ ಮೂಳೆ ಮುರಿಯಿತು. ಪಕ್ಕದ ಮನೆಯವರ ಜೀಪಿನಲ್ಲಿ ಮಲಗಿಸಿಕೊಂಡು ಕಾಸರಗೋಡಿಗೆ ಮುಟ್ಟುವಾಗ ಸಂಜೆ.

ಕ್ಯಾಶುವಾಲಿಟಿಯಲ್ಲಿ ಸಿಸ್ಟರ್ ಮೊದಲು ಹೇಳಿದ್ದೇ "ಸ್ವರ್ಣಂ ಎಲ್ಲಾಂ ಊರಣಂ" ಅಂತ. ಚಿನ್ನ ಎಲ್ಲ ಕಳಚಬೇಕು. ಚಿನ್ನ ತೆಗೆಸುವುದು ಸುಮ್ಮನೆ ಅಲ್ಲ. ಆಪರೇಷನ್ ಮಾಡುವಾಗ ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುವ ಸಾಧನ ಬಳಸುತ್ತಾರೆ, ಮೈಮೇಲೆ ಲೋಹ ಇದ್ದರೆ ಅಲ್ಲಿ ಚರ್ಮ ಸುಡುವ ಅಪಾಯ ಉಂಟು. ಕೈ ಊದಿಕೊಂಡರೆ ಬಳೆ, ಉಂಗುರ ಬಿಗಿದುಬಿಡುತ್ತದೆ. ಬಳೆ ಬರಲೇ ಇಲ್ಲ. ಸಾಬೂನು ನೀರು ಹಾಕಿ, ಅಮ್ಮನ ಹೆಬ್ಬೆರಳು ಒಳಗೆ ಮಡಚಿ, ಸಿಸ್ಟರೇ ತಿರುಗಿಸಿ ತಿರುಗಿಸಿ ತೆಗೆದರು. ಮೂಗುಬೊಟ್ಟಿನ ತಿರುಪು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಅದರ ಮೇಲೆ ಪ್ಲಾಸ್ಟರ್ ಅಂಟಿಸಿ ಬಿಟ್ಟರು. ಈಗ ಅಮ್ಮನ ಹತ್ತಿರ ಉಳಿದ ಚಿನ್ನ ಅದೊಂದೇ.

ತೆಗೆದದ್ದನ್ನೆಲ್ಲ ನನ್ನ ಕೈಗೆ ಕೊಟ್ಟು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. "ಹಳದಿ ಲೋಹದ ಸರ 1, ಹಳದಿ ಲೋಹದ ಬಳೆ 2, ಕಿವಿಯ ಓಲೆ 1 ಜೊತೆ, ಬಂಧುಗಳಿಗೆ ಒಪ್ಪಿಸಿದೆ" ಎಂಬರ್ಥದ ಬರಹ. ಚಿನ್ನ ಅಂತ ಬರೆಯುವುದಿಲ್ಲ, ಹಳದಿ ಲೋಹ ಅಂತಲೇ ಬರೆಯುವುದು. ಆ ಗಡಿಬಿಡಿಯಲ್ಲೂ ನನಗೆ ನಗು ಬಂದಿತ್ತು. ಎರಡು ದಿನ ಕಳೆದ ಮೇಲೆ ಮ್ಯಾನೇಜರ್ ಅದೇ ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ, ಸಹಿಯ ಮೇಲೆ ಬೆರಳಿಟ್ಟಾಗ ನಗು ಬರಲಿಲ್ಲ.

ದೊಡ್ಡ ತಪ್ಪು ನಾವು ಮಾಡಿದ್ದು ಅದೇ ರಾತ್ರಿ. ಹತ್ತು ಗಂಟೆಗೆ ತಮ್ಮ ಮನೆಗೆ ಹೊರಟ. ಅಪ್ಪ ಒಬ್ಬರೇ ಇದ್ದರು. ಚಿನ್ನ ಅವನ ಕೈಯಲ್ಲಿ ಕಳಿಸಬಹುದಿತ್ತು. ಧೋ ಅಂತ ಮಳೆ, ಬೈಕು, ದಾರಿಯಲ್ಲಿ ಕರೆಂಟಿಲ್ಲ. "ರಾತ್ರಿ ಹಿಡ್ಕೊಂಡು ಹೋಗುವುದು ಬೇಡ, ಇಲ್ಲಿ ಜನ ಉಂಟಲ್ಲ, ಇಲ್ಲೇ ಇರಲಿ" ಅಂದೆ. ಅವನೂ ಹೌದೆಂದ. ಜನ ಇದ್ದಲ್ಲಿ ಭಯ ಇಲ್ಲ ಅಂತ ನಮ್ಮ ಲೆಕ್ಕ.

ಕರವಸ್ತ್ರದಲ್ಲಿ ಗಂಟು ಕಟ್ಟಿ, ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ, ಆ ಚೀಲವನ್ನು ಬ್ಯಾಗಿನ ಅಡಿಯಲ್ಲಿ ಅಮ್ಮನ ಸೀರೆಯ ಕೆಳಗಿಟ್ಟೆ. ಬ್ಯಾಗನ್ನು ಮಂಚದ ಪಕ್ಕದ ಲಾಕರಿನೊಳಗೆ. ಹೆಸರು ಲಾಕರ್, ಬೀಗ ಇಲ್ಲ. ಬಾಗಿಲು ಮುಚ್ಚಿ ನಿಲ್ಲಲು ಅದಕ್ಕೆ ಕಾಗದ ಮಡಚಿ ಸಿಕ್ಕಿಸಬೇಕಿತ್ತು.

ಅಮ್ಮನಿಗೆ ಬಿಪಿ ಜಾಸ್ತಿ ಇದ್ದ ಕಾರಣ ಆಪರೇಷನ್ ಗುರುವಾರಕ್ಕೆ ಹೋಯಿತು. ಆ ಹೆಂಗಸು ನಮ್ಮ ಹತ್ತಿರ ಬಂದದ್ದು ಬುಧವಾರ. ಐವತ್ತರ ಆಸುಪಾಸು, ನೂಲಿನ ಸೀರೆ, ಕೈಯಲ್ಲಿ ಸ್ಟೀಲಿನ ಫ್ಲಾಸ್ಕು. ಗಂಡ ಗಂಡಸರ ವಾರ್ಡಿನಲ್ಲಿ ಇದ್ದಾರೆ, ತಾನೊಬ್ಬಳೇ ಬೈಸ್ಟ್ಯಾಂಡರ್ ಅಂದಳು. ಇಲ್ಲಿ ರೋಗಿಯ ಜೊತೆ ನಿಲ್ಲುವವರಿಗೆ ಎಲ್ಲರೂ ಹೇಳುವುದು ಹಾಗೆಯೇ, ಪಾಸಿನಲ್ಲೂ ಅದೇ ಶಬ್ದ. ಅವಳ ಪಾಸು ನಾನು ನೋಡಿದೆನಾ ಅಂದರೆ ಇಲ್ಲ. ನನ್ನ ಹತ್ತಿರ ಕನ್ನಡ, ಸಿಸ್ಟರ್ ಹತ್ತಿರ ಮಲಯಾಳ, ಅಮ್ಮನ ಹತ್ತಿರ ತುಳು. ನಮ್ಮ ಊರು ಕೇಳಿ, "ಅಯ್ಯೋ, ನನ್ನ ತಂಗಿಯನ್ನು ಕೊಟ್ಟದ್ದು ಅಲ್ಲಿಗೇ" ಅಂದಳು. ಯಾವ ಮನೆಗೆ ಎಂದು ಕೇಳಲು ನನಗೆ ತೋಚಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಿಂದ ನಮಗೂ ಗಂಜಿ ತಂದಳು, ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಸಂಜೆ ಅಮ್ಮನ ತಲೆ ಬಾಚಿದಳು. ನಾನು ಬ್ಯಾಗಿನಿಂದ ಸೀರೆ ತೆಗೆಯುವಾಗ, ಹಣ ತೆಗೆಯುವಾಗ, ಅವಳು ಅಲ್ಲೇ ಸ್ಟೂಲಿನ ಮೇಲೆ ಇದ್ದಳು.

ಗುರುವಾರ ಬೆಳಗ್ಗೆ ಐದಕ್ಕೆ ಇನ್ನೂ ಸ್ವಲ್ಪ ಇರುವಾಗ ಸಿಸ್ಟರ್ ಒಂದು ಚೀಟಿ ಕೊಟ್ಟು ಇಂಜೆಕ್ಷನ್ ತರಲು ಹೇಳಿದರು. ಔಷಧಿ ಅಂಗಡಿ ಇರುವುದು ಕೆಳಗೆ. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೆ, ಮತ್ತೆ ಕೆಳಗಿಟ್ಟೆ. ಅವಳು ಬಂದು ನಿಂತಿದ್ದಳಲ್ಲ. "ಈರ್ ಪೋದ್ ಬಲೆ, ಯಾನ್ ಉಲ್ಲೆತ್ತಾ" ಅಂದಳು. ನೀವು ಹೋಗಿ ಬನ್ನಿ, ನಾನಿದ್ದೇನಲ್ಲ. ಹಿಂದೆ ಬರುವಾಗ ಅವಳು ಇರಲಿಲ್ಲ. ಫ್ಲಾಸ್ಕು ಮಾತ್ರ ನಮ್ಮ ಲಾಕರಿನ ಮೇಲೆ ಇತ್ತು. "ಗಂಡನನ್ನು ನೋಡಿ ಬರ್ತೇನೆ ಅಂದ್ಲು" ಅಂತ ಅಮ್ಮ ಹೇಳಿದರು. ಫ್ಲಾಸ್ಕು ಇಲ್ಲಿರುವಾಗ ಬಾರದೆ ಎಲ್ಲಿ ಹೋಗುತ್ತಾಳೆ?

ಬ್ಯಾಗಿನ ಜಿಪ್ಪು ಹಾಕಿಯೇ ಇತ್ತು. ಸೀರೆಯ ಮಡಿಕೆ ಮುರಿದಿರಲಿಲ್ಲ. ಆಧಾರ್, ರೇಷನ್ ಕಾರ್ಡು, ಎಕ್ಸ್‌ರೇ ಎಲ್ಲ ಇದ್ದಲ್ಲೇ. ಹಾಗಾಗಿ ನನಗೆ ಗೊತ್ತಾದದ್ದು ಏಳೂವರೆಗೆ, ಹಣ ಕಟ್ಟಲೆಂದು ಕೈ ಹಾಕಿದಾಗ. ಎರಡೂವರೆ ಗಂಟೆ ಅವಳಿಗೆ ಸಿಕ್ಕಿತು. ಅಷ್ಟರೊಳಗೆ ಇಲ್ಲಿಂದ ಗಡಿಯ ತಲಪಾಡಿ ದಾಟಿ ಮಂಗಳೂರು ಮುಟ್ಟಿ ಮತ್ತೆ ಎಲ್ಲಿಗೆ ಬೇಕಾದರೂ ಬಸ್ಸು ಹತ್ತಬಹುದು. ಫ್ಲಾಸ್ಕು ಅಲ್ಲಾಡಿಸಿ ನೋಡಿದೆ, ಖಾಲಿ.

ಈಗ ಬರೆಯಲು ನಾಚಿಕೆಯಾಗುವ ಭಾಗ. ನನಗೆ ಆ ಹೆಂಗಸಿನ ಮೇಲೆ ಸಂಶಯ ಬರಲೇ ಇಲ್ಲ. ಗಂಜಿ ತಂದುಕೊಟ್ಟವಳಲ್ಲವೇ. ಐದು ಗಂಟೆಗೆ ನೆಲ ಒರೆಸಲು ಬಂದ ಕ್ಲೀನಿಂಗ್ ಕೆಲಸದ ಹೆಂಗಸಿನ ಮೇಲೆ ಬಂತು. ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿಯೂಬಿಟ್ಟೆ. "ಞಾನ್ ಎಡುತ್ತಿಟ್ಟಿಲ್ಲ", ನಾನು ತೆಗೆದಿಲ್ಲ ಎಂದು ಆಕೆ ತನ್ನ ಚೀಲವನ್ನು ನನ್ನ ಮುಂದೆ ಮಗುಚಿ ಹಾಕಿದರು. ಬುತ್ತಿ, ಒಂದು ಜೊತೆ ಬಟ್ಟೆ, ಎಲೆಯಡಿಕೆಯ ಪೊಟ್ಟಣ, ಬಸ್ಸಿನ ಚಿಲ್ಲರೆ. ಮತ್ತೆ ಸಿಸಿಟಿವಿ ನೋಡಿದೆವು. ವಾರ್ಡಿನ ಒಳಗೆ ಕ್ಯಾಮೆರಾ ಇಲ್ಲ, ಹೆಂಗಸರ ವಾರ್ಡಲ್ಲವೇ, ಇರಲೂಬಾರದು. ಮೆಟ್ಟಿಲಿನ ತಿರುವಿನಲ್ಲಿ ಒಂದು ಉಂಟು. ಅದರಲ್ಲಿ ನಮ್ಮ ಉಪಕಾರಿ ಬರಿಗೈಯಲ್ಲಿ, ಸೆರಗು ಹೊದ್ದು, ಅವಸರವೇ ಇಲ್ಲದೆ ಇಳಿದು ಹೋಗುವುದು ಕಾಣಿಸುತ್ತದೆ. ಗಂಡಸರ ವಾರ್ಡಿನಲ್ಲಿ ಅವಳ ಗಂಡ ಅಂತ ಯಾರೂ ಇರಲಿಲ್ಲ.

ಆಸ್ಪತ್ರೆಯವರು ಗೋಡೆಯ ಬೋರ್ಡು ತೋರಿಸಿದರು: ಬೆಲೆಬಾಳುವ ವಸ್ತುಗಳಿಗೆ ಆಸ್ಪತ್ರೆ ಜವಾಬ್ದಾರಿಯಲ್ಲ. ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಉಂಟು. ಕನ್ನಡದಲ್ಲಿ ಇಲ್ಲ, ಕಾಸರಗೋಡಿನಲ್ಲಿ!

ಪೊಲೀಸ್ ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಬಿಲ್ ಉಂಟಾ?" ಕರಿಮಣಿ ನಲವತ್ತು ವರ್ಷದ ಹಿಂದಿನದು, ಬಿಲ್ ಎಲ್ಲಿಂದ? ಈಚೆಗೆ ಕೊಂಡ ಒಡವೆಯಾದರೆ ಹಾಲ್‌ಮಾರ್ಕಿನ ಜೊತೆ ಆರು ಅಕ್ಷರ-ಅಂಕೆಗಳ ಗುರುತಿನ ಸಂಖ್ಯೆ ಇರುತ್ತದೆ, 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಯನ್ನು ಅದಿಲ್ಲದೆ ಅಂಗಡಿಯವರು ಮಾರುವ ಹಾಗಿಲ್ಲ. ಹಳೆಯ ಚಿನ್ನಕ್ಕೆ ಆ ಭಾಗ್ಯ ಇಲ್ಲ. ಕೊನೆಗೆ ತಮ್ಮನ ಮದುವೆಯ ಆಲ್ಬಮ್ ಹುಡುಕಿ, ಅಮ್ಮ ಆರತಿ ಎತ್ತುವ ಒಂದು ಫೋಟೋ ಕೊಟ್ಟೆವು. ನಿಮ್ಮ ಮನೆಯ ಹಿರಿಯರ ಒಡವೆಗಳನ್ನು ಒಂದು ಬಟ್ಟೆಯ ಮೇಲೆ ಹರಡಿ ಇವತ್ತೇ ಫೋಟೋ ತೆಗೆದಿಡಿ, ತೂಕ ಬರೆದಿಡಿ. ನಾಳೆ ಅಂದರೆ ಆಗುವುದಿಲ್ಲ, ನನಗೆ ಗೊತ್ತು.

ದೂರು ಕನ್ನಡದಲ್ಲೇ ಕೊಟ್ಟೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ನಾವು ಕನ್ನಡದಲ್ಲಿ ವ್ಯವಹರಿಸಬಹುದು. ಎಫ್‌ಐಆರ್ ಬರೆದದ್ದು ಮಲಯಾಳದಲ್ಲಿ. ಅದನ್ನು ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿದೆ. ಹಾಗೆ ಕೇಳಿದ್ದು ಒಳ್ಳೆಯದಾಯಿತು, ಮೂರು ಪವನು ಅಂದದ್ದು ಮೂರು ಗ್ರಾಂ ಆಗಿತ್ತು. ಪವನಿಗೆ ಎಂಟು ಗ್ರಾಂ. ಎಫ್‌ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ ಕೊಡಬೇಕು, ಕೇಳಿ ತೆಗೆದುಕೊಳ್ಳಿ. ಇನ್ನೊಂದು, ನಮ್ಮವರು ಅರ್ಧಕ್ಕರ್ಧ ಹೋಗುವುದು ಮಂಗಳೂರಿನ ಆಸ್ಪತ್ರೆಗಳಿಗೆ. ಅಲ್ಲಿ ಕಳವಾದದ್ದು ಊರಿಗೆ ಮುಟ್ಟಿದ ಮೇಲೆ ಗೊತ್ತಾದರೆ, ರಾಜ್ಯ ಬೇರೆ ಅಂತ ಕೈಬಿಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಯಾವ ಠಾಣೆಯಲ್ಲೂ ದೂರು ಕೊಡಬಹುದು. ಝೀರೋ ಎಫ್‌ಐಆರ್ ಅನ್ನುವುದು ಇದಕ್ಕೇ.

ಮೊಬೈಲಿನ ವಿಷಯದಲ್ಲಿ ನಾನು ತಡ ಮಾಡಿದೆ. ಅಪ್ಪನ ಪಿಂಚಣಿ ಬರುವ ಖಾತೆಗೆ ಜೋಡಿಸಿದ್ದು ಅದೇ ನಂಬರು. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅವಳಿಗೆ ಹೋಗುತ್ತದೆ ಅಂತ ಹೊಳೆದದ್ದು ಮಧ್ಯಾಹ್ನ. ನಮ್ಮ ಪುಣ್ಯ, ಹಣ ಹೋಗಿರಲಿಲ್ಲ. ಮೊದಲು ಸಿಮ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ, ಖಾತೆಯಿಂದ ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದೂರಿನ ಪ್ರತಿ ಇದ್ದರೆ ಕೇಂದ್ರ ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನಿನ ಗುರುತಿನ ಸಂಖ್ಯೆ, ಅಂದರೆ ಐಎಂಇಐ ಹಾಕಿ ಫೋನನ್ನೇ ನಿಲ್ಲಿಸಬಹುದು. ಆ ಸಂಖ್ಯೆ ಫೋನಿನ ಪೆಟ್ಟಿಗೆಯ ಮೇಲಿರುತ್ತದೆ, ಅಥವಾ *#06# ಒತ್ತಿದರೆ ಸಿಗುತ್ತದೆ. ಫೋನ್ ಕೈಯಲ್ಲಿರುವಾಗ ಒತ್ತಿ ಬರೆದಿಟ್ಟುಕೊಂಡರೆ ಮಾತ್ರ ಪ್ರಯೋಜನ.

ಉಳಿದ ದಿನಗಳಲ್ಲಿ ವಾರ್ಡಿನ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಕತೆ ಬಿಚ್ಚಿದರು. ಒಬ್ಬರ ಅತ್ತಿಗೆಗೆ ಬಿಳಿ ಕೋಟು ಹಾಕಿದವನು ಬಂದು, ಸ್ಕ್ಯಾನಿಗೆ ಹೋಗಲಿಕ್ಕುಂಟು, ಬಳೆ ಕೊಡಿ ಅಂದನಂತೆ. ಕೊಟ್ಟಾಯಿತು, ಸ್ಕ್ಯಾನೇ ಇರಲಿಲ್ಲ. ಇನ್ನೊಬ್ಬರ ಮಗನ ಫೋನು ಚಾರ್ಜಿಗೆ ಇಟ್ಟಲ್ಲಿಂದ ಹೋಯಿತು. ಇಡೀ ವಾರ್ಡಿಗೆ ಒಂದೇ ಪ್ಲಗ್ ಇದ್ದರೆ ಹಾಗೇ ಆಗುವುದು. ಐಸಿಯು ಹೊರಗೆ ಚಾಪೆ ಹಾಸಿ ಮಲಗುವವರ ತಲೆದಿಂಬಿನ ಪರ್ಸಂತೂ ಕಳ್ಳರಿಗೆ ದಿಕ್ಕು ಗೊತ್ತಿದ್ದ ತಿಜೋರಿ. ಯಾರಾದರೂ ಚಿನ್ನ ತೆಗೆಯಿರಿ ಅಂದರೆ ಸಿಸ್ಟರ್ ಟೇಬಲ್ಲಿಗೆ ಹೋಗಿ ಕೇಳಿ, ಮತ್ತೆ ತೆಗೆಯಿರಿ. ತೆಗೆದದ್ದನ್ನು ಅವತ್ತೇ ಮನೆಗೆ ಮುಟ್ಟಿಸಿ. ಮಳೆಯಿದ್ದರೆ ಆಟೋ ಮಾಡಿ, ಮುನ್ನೂರು ರೂಪಾಯಿ ಹೋಗಲಿ.

ಅಮ್ಮನಿಗೆ ಹದಿನೈದು ದಿನ ಹೇಳಿರಲಿಲ್ಲ. ಕೇಳಿದಾಗಲೆಲ್ಲ ತಮ್ಮನ ಹತ್ತಿರ ಉಂಟು ಅನ್ನುತ್ತಿದ್ದೆ. ಹೊಲಿಗೆ ಬಿಚ್ಚಿಸಲು ಹೊರಟ ಬೆಳಗ್ಗೆ, "ನೀನು ಆವತ್ತು ಬ್ಯಾಗು ಮಗುಚಿ ಹಾಕುವಾಗಲೇ ನನಗೆ ಗೊತ್ತಾಗಿದೆ, ಇನ್ನು ಸುಳ್ಳು ಹೇಳ್ಬೇಡ" ಅಂದರು. ಫ್ಲಾಸ್ಕು ಠಾಣೆಯಲ್ಲಿ ಉಂಟು. ಅವಳು ಸಿಕ್ಕಿಲ್ಲ.

ಆವತ್ತು ಆಸ್ಪತ್ರೆಯಲ್ಲಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಆ ನೆಲ ಒರೆಸುವ ಹೆಂಗಸನ್ನು ಹುಡುಕಿಕೊಂಡು ಹೋದೆ. ವರಾಂಡದ ತುದಿಯಲ್ಲಿ ಇದ್ದರು. ತಪ್ಪಾಯಿತು ಚೇಚಿ ಎಂದೆ, ಕಾಲಿಗೆ ಬೀಳುವುದೊಂದು ಬಾಕಿ. "ಸಾರಮಿಲ್ಲ", ಪರವಾಗಿಲ್ಲ ಅಂದರು, ನನ್ನ ಮುಖ ನೋಡದೆ. ಬಕೆಟ್ ಎತ್ತಿಕೊಂಡು ಪಕ್ಕದ ವಾರ್ಡಿಗೆ ಹೋದರು.