ಶ್ಯೂರ್‌ಕೆಂಬಲ್‌ನಲ್ಲಿ ಅಣು ಹುಡುಕುವಾಗ: ಸಿಕ್ಕಿದ್ದನ್ನು ನಂಬಿ, ಸಿಗದಿದ್ದನ್ನು ನಂಬಬೇಡಿ

ಔಷಧ ಪೇಟೆಂಟ್‌ಗಳಲ್ಲಿ ಅಣುವಿಗೆ ನಮಗೆ ಗೊತ್ತಿರುವ ಹೆಸರು ಇರುವುದೇ ಕಡಿಮೆ. ಎರಡು ಸಾಲುದ್ದದ ಐಯುಪಿಎಸಿ ಹೆಸರೋ (ರಚನೆಯನ್ನೇ ಪದಗಳಲ್ಲಿ ಹೇಳುವ ನಿಯಮಬದ್ಧ ಹೆಸರು) ಬರೀ ಚಿತ್ರವೋ ಇರುತ್ತದೆ. ಹಾಗಾಗಿ ರಚನೆಯನ್ನೇ ಬಿಡಿಸಿ ಹುಡುಕಬೇಕು. ದುಡ್ಡು ಕೊಡದೆ ಅದನ್ನು ಮಾಡಲು ಯುರೋಪಿನ ಸಂಶೋಧನಾ ಸಂಸ್ಥೆ ಇಎಂಬಿಎಲ್-ಇಬಿಐ ನಡೆಸುವ ಶ್ಯೂರ್‌ಕೆಂಬಲ್ ಎಂಬ ಪೇಟೆಂಟ್ ಅಣುಗಳ ದತ್ತಸಂಚಯ ಒಳ್ಳೆಯ ಆರಂಭ. ಅಮೆರಿಕ, ಯುರೋಪ್ ಮತ್ತು ವೈಪೊ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಪೇಟೆಂಟ್‌ಗಳ ಪೂರ್ಣಪಠ್ಯ ಇದೆ. ಜಪಾನಿನವುಗಳ ಸಾರಾಂಶ ಮಾತ್ರ.

ಮೊದಲು ಇನ್‌ಚಿಕೀ, ಅಂದರೆ ಅಣುವಿನ ರಚನೆಯಿಂದ ಸಿಗುವ ಅಕ್ಷರ ಸಂಕೇತ, ಹಾಕಿ. ಅದರ ಮೊದಲ 14 ಅಕ್ಷರ ಅಣುವಿನ ಅಸ್ಥಿಪಂಜರ, ಸ್ಟೀರಿಯೊ ವಿವರ (ಪರಮಾಣುಗಳ ಮೂರು ಆಯಾಮದ ಜೋಡಣೆ) ಅದರ ನಂತರದ ಭಾಗದಲ್ಲಿ. ಒಮೆಪ್ರಜೋಲ್, ಎಸೊಮೆಪ್ರಜೋಲ್ ಎರಡಕ್ಕೂ ಆ 14 ಅಕ್ಷರ ಒಂದೇ. ಲವಣದ ವಿಷಯ ಹಾಗಲ್ಲ: ಇಮಾಟಿನಿಬ್‌ಗೂ ಅದರ ಲವಣ ಇಮಾಟಿನಿಬ್ ಮೆಸಿಲೇಟ್‌ಗೂ ಆ ಮೊದಲ 14 ಅಕ್ಷರವೇ ಬೇರೆ, ಎರಡನ್ನೂ ಪ್ರತ್ಯೇಕವಾಗಿ ಹುಡುಕಲೇಬೇಕು. ಆಮೇಲೆ ಸಬ್‌ಸ್ಟ್ರಕ್ಚರ್, ಅಂದರೆ ರಚನೆಯ ಒಂದು ತುಣುಕು ಬಿಡಿಸಿ ಅದಿರುವ ಅಣುಗಳನ್ನೆಲ್ಲ ಹುಡುಕುವುದು. ಇಲ್ಲಿ ಬರೀ ಪಿರಿಡಿನ್ ಉಂಗುರ ಹಾಕಿದರೆ ಫಲಿತಾಂಶದ ಪ್ರವಾಹವೇ ಬರುತ್ತದೆ. ಕನಿಷ್ಠ ಎರಡು ಉಂಗುರ, ನಡುವಿನ ಕೊಂಡಿ ಸಮೇತ ಬಿಡಿಸಿ.

ತೊಂದರೆ ಎಲ್ಲಿದೆ ಅಂದರೆ, ರಚನೆಗಳನ್ನು ಹೆಕ್ಕುವುದು ಯಂತ್ರ. ಸ್ಕ್ಯಾನ್ ಪ್ರತಿಯಲ್ಲಿ ಅಂಕಿ 1 ಇಂಗ್ಲಿಷಿನ ಸಣ್ಣ ಎಲ್ ಆಗಿಬಿಟ್ಟರೆ, ಸಾಲು ಮುಗಿದಲ್ಲಿ ಒಂದು ಹೈಫನ್ ಬಿದ್ದುಹೋದರೆ, ಆ ಹೆಸರು ರಚನೆಯಾಗಿ ತಿರುಗದೇ ಹೋಗಬಹುದು. ಚಿತ್ರದಿಂದ ತೆಗೆದದ್ದರಲ್ಲಿ ಮೂರು ಆಯಾಮದ ದಿಕ್ಕು ತೋರಿಸುವ ಬೆಣೆಯಾಕಾರದ ಬಂಧ ಸಾದಾ ಗೆರೆಯಾಗುವುದೂ ಉಂಟು. ವಿವರಣೆಯಲ್ಲಿ ಬರುವ ಟಾಲ್ಯೂಯಿನ್, ಡಿಎಂಎಫ್‌ನಂಥ ದ್ರಾವಕಗಳೂ ಲೆಕ್ಕಕ್ಕೆ ಸೇರುವುದರಿಂದ, ಅಣು ಕ್ಲೇಮ್‌ನಲ್ಲಿ (ಹಕ್ಕು ಕೇಳುವ ಭಾಗದಲ್ಲಿ) ಇದೆಯೋ ಉದಾಹರಣೆಯಲ್ಲೋ ಎಂದು ಮೂಲ ಪಿಡಿಎಫ್ ತೆರೆದೇ ನೋಡಿ.

ದೊಡ್ಡ ಕೊರತೆ ಮಾರ್ಕುಷ್. ಯೂಜಿನ್ ಮಾರ್ಕುಷ್‌ಗೆ 1924ರಲ್ಲಿ ಸಿಕ್ಕ ಪೇಟೆಂಟ್‌ನಿಂದ ಹೆಸರು ಪಡೆದ ಈ ಪದ್ಧತಿಯಲ್ಲಿ ರಚನೆಯ ಕೆಲವು ಜಾಗ ಖಾಲಿ ಬಿಟ್ಟು ಬರೆಯುವ 'ಆರ್1 ಎಂದರೆ ಹೈಡ್ರೋಜನ್, ಹ್ಯಾಲೊಜನ್ ಅಥವಾ ಆಲ್ಕೈಲ್' ಎಂಬ ಒಂದೇ ಸಾಲು ಲಕ್ಷಾಂತರ ಅಣುಗಳನ್ನು ಹಿಡಿದಿಡಬಲ್ಲದು. ನಿಮ್ಮ ಅಣು ಅದರೊಳಗೆ ಇದ್ದರೂ ಎಲ್ಲೂ ಬಿಡಿಸಿರದಿದ್ದರೆ ಇಲ್ಲಿ ಉತ್ತರ ಸೊನ್ನೆ. ಆ ಸೊನ್ನೆ ನೋಡಿ ಪೇಟೆಂಟ್ ಅಡ್ಡಿಯಿಲ್ಲ, ದಾರಿ ಸಲೀಸು ಅಂದುಕೊಂಡರೆ ಕೆಟ್ಟಿರಿ. ಹಣ ಹೂಡುವ ಮುನ್ನ ರಸಾಯನ ಮಾಹಿತಿ ಸಂಸ್ಥೆ ಸಿಎಎಸ್‌ನ ಮಾರ್‌ಪ್ಯಾಟ್‌ನಂಥ ಮಾರ್ಕುಷ್ ಸಂಗ್ರಹದಲ್ಲಿ ಹುಡುಕಿಸಲೇಬೇಕು. ಅದು ದುಬಾರಿ, ಆದರೆ ಆ ಕೆಲಸ ಶ್ಯೂರ್‌ಕೆಂಬಲ್‌ನಿಂದ ಆಗುವುದಿಲ್ಲ.

ಅರ್ಜಿಗಳು ಸಾಮಾನ್ಯವಾಗಿ ಮೊದಲು ಸಲ್ಲಿಸಿದ 18 ತಿಂಗಳ ನಂತರವೇ ಪ್ರಕಟವಾಗುವುದರಿಂದ, ಅದೇ ಹುಡುಕಾಟವನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ಓಡಿಸಿ.